ಕ್ರಿಸ್ಮಸ್ ಕುಸ್ವಾರ್ ಕೊಟ್ಟ ಮೇಲೆ ಪಕ್ಕದ ಮನೆಯ ಅಕ್ಕ ಮಾತು ಬಿಟ್ಟದ್ದಕ್ಕೆ

ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಕೊಟ್ಟು ಯೇಸುವಿನ ಬಗ್ಗೆ ಮಾತಾಡಿದ ಮೇಲೆ ಪಕ್ಕದ ಮನೆಯ ಅಕ್ಕ ಮಾತು ಬಿಟ್ಟರು, ಯಾಕೆ ಎಂದು ಕೇಳಿದ್ದೀರಿ. ತಟ್ಟೆಯಲ್ಲಿ ನೀವಿಟ್ಟ ಧರ್ಮದ ಕರಪತ್ರವೇ ಕಾರಣ ಇರಬೇಕು, ಆ ಮಾತಲ್ಲ. ಕಿಡಿಯೊ, ಗುಳಿಯೊದಂಥ ಕುಸ್ವಾರ್ ತಿಂಡಿಗಳೆಲ್ಲ ಬಲೆಗೆ ಹಾಕಿದ ಕಾಳಿನ ಹಾಗೆ ಕಂಡಿರುತ್ತದೆ. ಉಡುಪಿಯಲ್ಲಿ ನಾನೂ ಇದೇ ಎಡವಟ್ಟು ಮಾಡಿದ್ದೆ.

ಮೊದಲು ಬರಿಗೈಯಲ್ಲಿ ಹೋಗಿ, "ಚೀಟಿ ಇಟ್ಟದ್ದು ತಪ್ಪಾಯ್ತು ಅಕ್ಕ" ಅನ್ನಿ. ಅಷ್ಟೇ. ವಿವರಿಸಲು ಹೋದರೆ ಇನ್ನೊಂದು ಉಪದೇಶವಾಗುತ್ತದೆ! ಆಮೇಲೆ ಸುಮ್ನಿರಿ. ಅಷ್ಟಮಿಗೆ ಅವರು ಉಂಡೆ, ಚಕ್ಕುಲಿ ಕೊಟ್ಟರೆ ಖುಷಿಯಿಂದ ತಿನ್ನಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ನಮ್ಮ ತೆನೆ ಹಬ್ಬ) ಹೊಸ ಅಕ್ಕಿ ಹಾಕಿದ ಪಾಯಸ ಕೊಡಿ. ಮನೆಗೆ ಕದಿರು, ಅಂದರೆ ಹೊಸ ತೆನೆ, ಕಟ್ಟುವುದು ಅವರಿಗೂ ಗೊತ್ತು, ಅಲ್ವಾ? "ನಿಮ್ಮಲ್ಲಿ ತೆನೆ ಯಾಕೆ?" ಎಂದು ಅವರೇ ಕೇಳಿದರೆ ಮಾತ್ರ, ಮೇರಿ ಮಾತೆಯ ಹುಟ್ಟುಹಬ್ಬ, ಚರ್ಚಿನಲ್ಲಿ ಹರಸಿದ ತೆನೆ ಎಂದು ಹೇಳಿ. ದೇವರು ನಿಮ್ಮ ಕೈ ಹಿಡಿದದ್ದನ್ನೂ ಎರಡೇ ಮಾತಲ್ಲಿ ಹೇಳಿ.

ಅವರ ಮನೆಯ ಹಿರಿಯರಿಗೂ ಬೇಸರವಾಗಿದೆಯೋ ಏನೋ, ನೀವೇ ನೋಡಬೇಕು. ಹಾಗಿದ್ದರೆ ಪಾಯಸ ಕೊಟ್ಟು, ದೇವರ ಮಾತನ್ನು ಮುಂದಿನ ವರ್ಷಕ್ಕೆ ಇಡಿ.