ಐರಿಷ್ ಫಿಡಲ್ (ಐರ್ಲೆಂಡಿನ ಜನಪದ ಶೈಲಿಯ ವಯಲಿನ್) ಕಲಿಯಲು ಯಾವ ಸ್ವರಶ್ರೇಣಿಗಳಿಂದ ಅಭ್ಯಾಸ ಆರಂಭಿಸಬೇಕು?

ಮೊದಲು ಡಿ ಮೇಜರ್ ಮತ್ತು ಜಿ ಮೇಜರ್, ಬೆನ್ನಿಗೇ ಎ ಡೋರಿಯನ್, ಇ ಡೋರಿಯನ್, ಡಿ ಮಿಕ್ಸೊಲಿಡಿಯನ್ (ಮೊದಲ ಅಕ್ಷರ ಶ್ರೇಣಿಯ ಆಧಾರ ಸ್ವರದ ಹೆಸರು). ರೀಲ್, ಜಿಗ್ ಎಂಬ ಐರಿಷ್ ನೃತ್ಯಧಾಟಿಗಳಲ್ಲಿ ಬಹುಪಾಲು ಇಷ್ಟರೊಳಗೇ ಅಡಗುತ್ತವೆ. ಕರ್ನಾಟಕ ಸಂಗೀತ ಬಲ್ಲವರಿಗೆ ಇವು ಅಪರಿಚಿತವಲ್ಲ: ಮೇಜರ್‌ನಲ್ಲಿರುವುದು ಶಂಕರಾಭರಣದ ಸ್ವರಗಳು, ಡೋರಿಯನ್‌ನಲ್ಲಿ ಖರಹರಪ್ರಿಯದವು, ಮಿಕ್ಸೊಲಿಡಿಯನ್‌ನಲ್ಲಿ ಹರಿಕಾಂಭೋಜಿಯವು. ಗಮಕವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ತಂತಿಗಳ ಶ್ರುತಿ ಜಿ, ಡಿ, ಎ, ಇ. ಎಡಗೈ ಮೊದಲ ಸ್ಥಾನದಿಂದ, ಅಂದರೆ ತಂತಿಗಳ ಮೇಲ್ತುದಿಯ ಬಳಿಯಿಂದ, ಕದಲುವುದು ಅಪರೂಪ.

ಆದರೆ ಶ್ರೇಣಿಯನ್ನು ಸುಮ್ಮನೆ ಏರಿಸಿ ಇಳಿಸಿದರೆ ಬೆರಳು ಪಳಗುತ್ತದೆ, ಅಷ್ಟೇ. ನನ್ನ ದೃಷ್ಟಿಯಲ್ಲಿ ಈ ಸಂಗೀತದ ಜೀವ ಕಮಾನು ಹಿಡಿದ ಬಲಗೈಯಲ್ಲಿದೆ. ಡಿ ಮೇಜರನ್ನು ನಾಲ್ಕು ನಾಲ್ಕು ಸ್ವರಗಳ ಗುಂಪಾಗಿ ನುಡಿಸಿ. ಗುಂಪಿನ ಕೊನೆಯ ಸ್ವರವನ್ನೂ ಮುಂದಿನ ಗುಂಪಿನ ಮೊದಲ ಸ್ವರವನ್ನೂ ಒಂದೇ ಕಮಾನಿನಲ್ಲಿ (ಕಮಾನಿನ ಒಂದೇ ಎಳೆತದಲ್ಲಿ) ಸೇರಿಸಿ. ನಡುವಿನ ಎರಡಕ್ಕೆ ಬೇರೆ ಬೇರೆ ಕಮಾನು. ಗುಂಪಿನಿಂದ ಗುಂಪಿಗೆ ಕಮಾನಿನ ದಿಕ್ಕು ಅದಲುಬದಲಾಗುವುದರಿಂದ ಆರಂಭದಲ್ಲಿ ತಲೆ ಕೆಡುತ್ತದೆ. ವೇಗ ತಗ್ಗಿಸಿ, ಬಿಡಬೇಡಿ. ರೀಲ್‌ನ ತೂಗಾಟ ಹುಟ್ಟುವುದೇ ಇಲ್ಲಿ.

ಅಲಂಕಾರಗಳಲ್ಲಿ ರೋಲ್ ಒಂದನ್ನು ಹಿಡಿದರೆ ಸಾಕು. ಡಿ ತಂತಿಯ ಮೇಲೆ ತೋರುಬೆರಳಿನಿಂದ ಇ ಸ್ವರ ಹಿಡಿಯಿರಿ, ಉಂಗುರಬೆರಳಿನಿಂದ ತಂತಿಯನ್ನು ಚುರುಕಾಗಿ ತಾಕಿಸಿ ಮತ್ತೆ ಇ, ತೋರುಬೆರಳನ್ನು ಎತ್ತಿ ಕ್ಷಣಮಾತ್ರ ತೆರೆದ ಡಿ, ಪುನಃ ಇ. ಎಲ್ಲವೂ ಒಂದೇ ಕಮಾನಿನಲ್ಲಿ. ಮೇಲಿನ ತಾಕು ಸ್ವರವಾಗಿ ಕೇಳಿಸಿದರೆ ಬೆರಳು ಹೆಚ್ಚು ಹೊತ್ತು ನಿಂತಿದೆ ಎಂದರ್ಥ.

ಐರ್ಲೆಂಡಿನಲ್ಲಿ ಶೈಲಿಗಳು ಪ್ರಾಂತ್ಯಕ್ಕೊಂದು. ಡೊನೆಗಾಲ್‌ನವರು ಸ್ವರಕ್ಕೊಂದು ಕಮಾನು ಹೊಡೆಯುವುದನ್ನು ಮೆಚ್ಚುತ್ತಾರೆ. ಸ್ಲೈಗೊ ಶೈಲಿಗೆ 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಮುದ್ರಣಗೊಂಡ ಫಿಡಲ್ ವಾದಕ ಮೈಕೆಲ್ ಕೋಲ್ಮನ್ ಅವರ ಧ್ವನಿಮುದ್ರಿಕೆಗಳನ್ನು ಕೇಳಿ.