ಕೊತೆತ್ಸು ಸಹಿ ಅಸಲಿನಾ? ಮೊದಲು ತುಕ್ಕು ಮುಟ್ಬೇಡಿ

ಜಪಾನಿ ಕತ್ತಿ ಹಿಡಿಯೊಳಗಿನ ಭಾಗದಲ್ಲಿ ನಾಗಾಸೊನೆ ಕೊತೆತ್ಸು ಅಂತ ಕಮ್ಮಾರರ ಸಹಿ ಇದೆ, ತುಕ್ಕು ಉಜ್ಜಿ ತೆಗೆದ್ರೆ ಸರಿಯಾಗಿ ಓದಬಹುದಾ ಅಂತ ಕೇಳಿದೀರಲ್ಲ, ದಯವಿಟ್ಟು ಆ ಕೆಲ್ಸ ಮಾತ್ರ ಮಾಡ್ಬೇಡಿ. ಆ ಭಾಗಕ್ಕೆ ನಕಾಗೊ ಅಂತಾರೆ, ಅದರ ಕಪ್ಪು ತುಕ್ಕೇ ವಯಸ್ಸಿನ ಸಾಕ್ಷಿ, ಒಂದ್ಸಲ ಉಜ್ಜಿದ್ರೆ ಬೆಲೆನೂ ಹೋಯ್ತು ಸಾಕ್ಷಿನೂ ಹೋಯ್ತು.

ಕೊತೆತ್ಸು 17ನೇ ಶತಮಾನದಲ್ಲಿ ಎದೊದಲ್ಲಿ, ಅಂದ್ರೆ ಈಗಿನ ಟೋಕಿಯೋದಲ್ಲಿ, ಕತ್ತಿ ಮಾಡ್ತಿದ್ದವರು, ಅದಕ್ಕೆ ಮುಂಚೆ ಕವಚ ಮಾಡ್ತಿದ್ರು. ಅತಿ ಹೆಚ್ಚು ನಕಲಾಗಿರೋ ಸಹಿಗಳಲ್ಲಿ ಅವರದೂ ಒಂದು, ಹಾಗಾಗಿ ನಕಲಿ ಅಂತ್ಲೇ ಶುರು ಮಾಡಿ. ಸಹಿ ಅಕ್ಷರ ನೋಡೋಕೆ ಮುಂಚೆ ಅಲಗು ನೋಡ್ಬೇಕು, ಯಾಕಂದ್ರೆ ಹೆಸರು ಯಾರು ಬೇಕಾದ್ರೂ ಕೆತ್ತಬಹುದು ಆದ್ರೆ ಅವರ ಕೈಕೆಲಸ ನಕಲು ಮಾಡೋದು ತುಂಬಾ ಕಷ್ಟ, ಅವರ ಅಂಚಿನ ಹಮೊನ್ ಅಂದ್ರೆ ಬಿಳಿ ಅಲೆ ಗೆರೆ ಜಪಮಾಲೆ ಮಣಿ ಪೋಣಿಸಿದ ಹಾಗೆ ದುಂಡುದುಂಡಾಗಿರೋದಕ್ಕೆ ಹೆಸರುವಾಸಿ.

ಆಮೇಲೆ ಭೂತಗನ್ನಡಿ ಹಿಡಿದು ಉಳಿ ಗೆರೆಯೊಳಗಿನ ತುಕ್ಕು ಸುತ್ತಲಿನ ಬಣ್ಣದ್ದೇನಾ ನೋಡಿ, ಒಳಗೆ ಕೆಂಪಗೋ ಹೊಳಪಾಗೋ ಇದ್ರೆ ಆಮೇಲೆ ಕೆತ್ತಿದ್ದು ಅನ್ನೋ ಅನುಮಾನ ಬಲವಾಗುತ್ತೆ. ಅರ ಉಜ್ಜಿದ ಗೀಟುಗಳೂ ಆ ಕಮ್ಮಾರರ ರೀತಿಗೆ ಹೊಂದಬೇಕು. ಕೊತೆತ್ಸು ಹೆಸರಿನ ಮೊದಲ ಅಕ್ಷರ "ತೊರಾ", ಅಂದ್ರೆ ಹುಲಿ, ಅದನ್ನ ಅವರು ಬರೆಯೋ ರೀತಿನೇ ಆರಂಭದ ಕಾಲಕ್ಕೂ ಕೊನೆ ಕಾಲಕ್ಕೂ ಬೇರೆ, ಅದಕ್ಕೆ ಒಂದೇ ಫೋಟೋ ಜೊತೆ ಹೋಲಿಸಿ ತೀರ್ಮಾನಕ್ಕೆ ಬರಬೇಡಿ.

ಫೋಟೋ ನೋಡಿ ಖಚಿತ ಹೇಳೋಕೆ ಯಾರಿಗೂ ಆಗಲ್ಲ. ಜಪಾನಿ ಕತ್ತಿಗಳ ಸಂರಕ್ಷಣೆಗಿರೋ ಅಲ್ಲಿನ ಎನ್‌ಬಿಟಿಎಚ್‌ಕೆ ಸಂಸ್ಥೆ ಕತ್ತಿಯನ್ನ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡುತ್ತೆ, ಸಹಿ ನಕಲಿ ಅಂದ್ರೆ ಪ್ರಮಾಣಪತ್ರ ಕೊಡಲ್ಲ. ಅಲ್ಲಿವರೆಗೆ ಕೊತೆತ್ಸು ರೇಟ್ ಕೊಟ್ಟು ತಗೋಬೇಡಿ.