ಪ್ರಿಂಟ್ ಮಾಡಿ ಕತ್ತರಿಸುವಾಗ ಗೆರೆ ಚಿತ್ರದ ಅಂಚಿನಿಂದ ಸರಿಯುತ್ತದೆ; ಫೈಲನ್ನು ಹೇಗೆ ಸಿದ್ಧಪಡಿಸಬೇಕು?

ನಿಮ್ಮ ಸ್ಟಿಕರ್ ಹಾಳೆ ಚೆನ್ನಾಗಿಯೇ ಮುದ್ರಣವಾಗುತ್ತಿದ್ದು, ಆಮೇಲೆ ಕಟಿಂಗ್ ಯಂತ್ರ ಕತ್ತರಿಸಿದ ಗೆರೆ ಮಾತ್ರ ಚಿತ್ರದಿಂದ ಪಕ್ಕಕ್ಕೆ ಬೀಳುತ್ತಿದೆ ಎಂದು ಬರೆದಿದ್ದೀರಿ. ಇಂಥ ಸಂದರ್ಭದಲ್ಲಿ ಬ್ಲೇಡನ್ನು ಬದಲಿಸುವ ಮೊದಲು ಫೈಲನ್ನೂ ಮುದ್ರಣದ ಆಯ್ಕೆಗಳನ್ನೂ ಪರಿಶೀಲಿಸಬೇಕೆಂಬುದು ನನ್ನ ಸಲಹೆ. ಯಂತ್ರಕ್ಕೆ ನಿಮ್ಮ ಚಿತ್ರ ಕಾಣುವುದಿಲ್ಲ. ಅದರ ಸೆನ್ಸರ್ ಓದುವುದು ಹಾಳೆಯ ಮೇಲಿನ ಕಪ್ಪು ಗುರುತುಗಳನ್ನು ಮಾತ್ರ. ಆ ಗುರುತುಗಳಿಂದ ಇಂತಿಷ್ಟು ದೂರದಲ್ಲಿ ಗೆರೆ ಇದೆ ಎಂಬ ಲೆಕ್ಕದ ಮೇಲೆಯೇ ಅದು ಕತ್ತರಿಸುತ್ತದೆ.

ಆದ್ದರಿಂದ ಸಿಲೂಯೆಟ್ ಯಂತ್ರಗಳ ತಂತ್ರಾಂಶವಾದ ಸಿಲೂಯೆಟ್ ಸ್ಟುಡಿಯೋದಲ್ಲಿ ಮೊದಲು ಹಾಳೆಯ ಅಳತೆಯನ್ನು ನಿಗದಿಪಡಿಸಿ, ರಿಜಿಸ್ಟ್ರೇಷನ್ ಗುರುತುಗಳನ್ನು (ಮೇಲೆ ಹೇಳಿದ ಕಪ್ಪು ಗುರುತುಗಳು) ಆನ್ ಮಾಡಿ, ಆಮೇಲಷ್ಟೇ ಚಿತ್ರಗಳನ್ನು ಜೋಡಿಸಿ. ಗುರುತುಗಳ ಸುತ್ತ ಓರೆಗೆರೆಗಳಿಂದ ತೋರಿಸಿದ ಜಾಗವನ್ನು ಖಾಲಿ ಬಿಡಿ. ಮುದ್ರಿಸಿದ ನಂತರ ಪರದೆಯ ಮೇಲೆ ಯಾವುದನ್ನೂ ಸರಿಸಬೇಡಿ. ಕ್ರಿಕಟ್ ಯಂತ್ರಗಳ ತಂತ್ರಾಂಶವಾದ ಡಿಸೈನ್ ಸ್ಪೇಸ್‌ನಲ್ಲಾದರೆ ಚಿತ್ರ, ಅಕ್ಷರ ಮುಂತಾದ ಪದರಗಳನ್ನೆಲ್ಲ ಆಯ್ದು ಫ್ಲಾಟನ್ ಮಾಡಿ, ಅಂದರೆ ಒಂದೇ ಚಿತ್ರವಾಗಿ ಸೇರಿಸಿ. ಇಲ್ಲದಿದ್ದರೆ ತಂತ್ರಾಂಶವು ಪ್ರತಿ ಪದರವನ್ನೂ ಬೇರೆಬೇರೆಯಾಗಿ ಕತ್ತರಿಸಬೇಕಾದದ್ದೆಂದು ಭಾವಿಸುತ್ತದೆ. ಎರಡರಲ್ಲೂ ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವನ್ನು ಬಳಸಿದರೆ ಅಂಚು ಗುರುತಿಸುವ ಕೆಲಸ ಬಹಳ ಹಗುರವಾಗುತ್ತದೆ.

ಮುದ್ರಿಸುವಾಗ ಅಳತೆ 100 ಶೇಕಡಾ ಇರಲಿ. 'ಪುಟಕ್ಕೆ ಹೊಂದಿಸು' ಎಂಬ ಆಯ್ಕೆ ಹಾಳೆಯನ್ನು ಕೇವಲ 3 ಶೇಕಡಾ ಕುಗ್ಗಿಸಿದರೂ 200 ಮಿಲಿಮೀಟರ್ ದೂರದಲ್ಲಿ 6 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಇದನ್ನು ಅನುಮಾನಕ್ಕೆ ಬಿಡದೆ, ಮುದ್ರಿತ ಗುರುತುಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದು ಪರದೆಯ ಮೇಲಿನ ಅಳತೆಯೊಂದಿಗೆ ಹೋಲಿಸಿ ನೋಡಿ.

ತಪ್ಪು ಎಲ್ಲಿಂದ ಬಂತೆಂಬುದನ್ನು ಕತ್ತರಿಸಿದ ಹಾಳೆಯೇ ಹೇಳುತ್ತದೆ, ಮತ್ತು ಇಡೀ ವಿಷಯದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಎಂದು ನಾನು ನಂಬಿದ್ದೇನೆ. ಎಲ್ಲ ಸ್ಟಿಕರ್‌ಗಳಲ್ಲೂ ಗೆರೆ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ತಂತ್ರಾಂಶದಲ್ಲಿರುವ ಕ್ಯಾಲಿಬ್ರೇಷನ್ ಅನ್ನು, ಅಂದರೆ ಕತ್ತರಿಸುವ ಗೆರೆಯನ್ನು ಮುದ್ರಣಕ್ಕೆ ಹೊಂದಿಸುವ ಕೆಲಸವನ್ನು, ಮತ್ತೊಮ್ಮೆ ಮಾಡಬೇಕು. ಹಾಳೆಯ ಒಂದು ತುದಿಯಲ್ಲಿ ಸರಿಯಾಗಿದ್ದು ಇನ್ನೊಂದು ತುದಿಗೆ ಹೋದಂತೆ ವ್ಯತ್ಯಾಸ ಹೆಚ್ಚುತ್ತಿದ್ದರೆ ಮುದ್ರಣದ ಅಳತೆಯನ್ನು ಮೊದಲು ಶಂಕಿಸಿ. ಒಂದೊಂದು ಸ್ಟಿಕರ್‌ನಲ್ಲಿ ಒಂದೊಂದು ರೀತಿ ಇದ್ದರೆ ಹಾಳೆಯನ್ನು ಅಂಟಿಸಿ ಯಂತ್ರಕ್ಕೆ ಕೊಡುವ ಮ್ಯಾಟ್ ಮೇಲೆ ಅದು ಜಾರುತ್ತಿರಬಹುದು. ಮ್ಯಾಟ್‌ನ ಅಂಟು ಕಡಿಮೆಯಾಗಿದೆಯೇ ಎಂದು ನೋಡಬೇಕು. ಯಂತ್ರ ಗುರುತುಗಳನ್ನೇ ಓದಲಾಗದೆ ನಿಲ್ಲುತ್ತಿದ್ದರೆ, ಹೊಳಪಿನ ಹಾಳೆ ಅಥವಾ ಲ್ಯಾಮಿನೇಷನ್ ಬೆಳಕನ್ನು ಪ್ರತಿಫಲಿಸುತ್ತಿರುವ ಸಾಧ್ಯತೆ ಹೆಚ್ಚು. ಗುರುತುಗಳ ಮೇಲಷ್ಟೇ ಹೊಳಪಿಲ್ಲದ ಪಾರದರ್ಶಕ ಟೇಪನ್ನು ಅಂಟಿಸಿದರೆ ಸಾಮಾನ್ಯವಾಗಿ ಓದುತ್ತದೆ.

ಎಲ್ಲವೂ ಸರಿಯಿದ್ದಾಗಲೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುವುದು ಸಹಜ. ಅದಕ್ಕಾಗಿಯೇ ಬ್ಲೀಡ್ ಇದೆ: ಬಣ್ಣವನ್ನು ಕತ್ತರಿಸುವ ಗೆರೆಯಿಂದ 1 ಅಥವಾ 2 ಮಿಲಿಮೀಟರ್ ಆಚೆಗೆ ಚಾಚಿಸಿದರೆ ಅಂಚಿನಲ್ಲಿ ಬಿಳಿ ಇಣುಕುವುದಿಲ್ಲ. ಬಿಳಿ ಅಂಚೇ ಬೇಕೆಂದಿದ್ದರೆ ತಂತ್ರಾಂಶದ ಆಫ್‌ಸೆಟ್ ಆಯ್ಕೆಯನ್ನು ಬಳಸಿ ಗೆರೆಯನ್ನು ಚಿತ್ರದಿಂದ ಹೊರಗೆ ತನ್ನಿ. ಅಂಚು ತೀರ ಸಣ್ಣದಾದಷ್ಟೂ ಗೆರೆ ಸ್ವಲ್ಪ ಸರಿದರೂ ಎದ್ದು ಕಾಣುತ್ತದೆ.

ಮುಂದಿನ ಬಾರಿ ಇಡೀ ಹಾಳೆಯನ್ನು ತುಂಬಿಸದೆ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಣ್ಣ ವೃತ್ತವನ್ನಿಟ್ಟು ಸಾಮಾನ್ಯ ಕಾಗದದ ಮೇಲೆ ಮುದ್ರಿಸಿ, ಶಾಯಿ ಒಣಗಿದ ಮೇಲೆ ಕತ್ತರಿಸಿ ನೋಡಿ. ಆ ನಾಲ್ಕು ವೃತ್ತಗಳಲ್ಲಿ ಗೆರೆ ಯಾವ ಕಡೆಗೆ ಎಷ್ಟು ಸರಿದಿದೆ ಎಂಬುದನ್ನು ಇಲ್ಲಿ ಬರೆದರೆ, ಯಾವುದನ್ನು ತಿದ್ದಬೇಕೆಂದು ಖಚಿತವಾಗಿ ಹೇಳಲು ಪ್ರಯತ್ನಿಸುತ್ತೇನೆ.